ಪ್ರಿಂಟ್ ಸ್ಕ್ರೀನ್ ಒತ್ತಿದರೆ ಪ್ರಿಂಟ್ ಬರುವುದಿಲ್ಲ

ಮೂವತ್ತೆರಡು ವರ್ಷ ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತೆಯಾಗಿ ದುಡಿದು ಮನೆಗೆ ಬಂದಿದ್ದೇನೆ. ಅಷ್ಟು ವರ್ಷದಲ್ಲಿ ಕಲಿತದ್ದರಲ್ಲಿ ನಿಜವಾಗಿ ಒಬ್ಬರ ಉಪಯೋಗಕ್ಕೆ ಬಂದ ವಿದ್ಯೆ ಯಾವುದು ಎಂದು ಕೇಳಿದರೆ, ಲ್ಯಾಪ್‌ಟಾಪಿನಲ್ಲಿ ಸ್ಕ್ರೀನ್‌ಶಾಟ್ ತೆಗೆಯುವುದು ಎಂದೇ ಹೇಳಬೇಕು. ಇಲಾಖಾ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ನಿಯಮಗಳೆಲ್ಲ ಯಾವಾಗಲೋ ಮರೆತುಹೋದವು. ಮರೆತದ್ದು ನನ್ನ ಮೇಲಿನ ಅಧಿಕಾರಿಗಳಿಗೆ ಗೊತ್ತಾಗಲೇ ಇಲ್ಲ, ಅವರಿಗೂ ಮರೆತುಹೋಗಿದ್ದವು.

ಇದನ್ನು ಬರೆಯುವುದಕ್ಕೆ ಕಾರಣ ನನ್ನ ತಂಗಿಯ ಮಗಳು ಶಶಿ. ದ್ವಿತೀಯ ದರ್ಜೆ ಸಹಾಯಕಿಯಾಗಿ ಆಯ್ಕೆಯಾದ ಖುಷಿಗೆ ಸಿಹಿ ಹಿಡಿದು ಬಂದವಳು, "ದೊಡ್ಡಮ್ಮ, ಕೆಲ್ಸ ಹೆಂಗಿರುತ್ತೆ? ಏನೇನ್ ಕಲ್ತ್ಕೊಂಡ್ ಹೋಗ್ಬೇಕು?" ಎಂದು ಕೇಳಿದಳು. ಮೊದಲು ಸ್ಕ್ರೀನ್‌ಶಾಟ್ ತೆಗೆಯುವುದನ್ನು ಸರಿಯಾಗಿ ಕಲಿ ಎಂದೆ. ನಕ್ಕಳು. ಮೊಬೈಲಿನಲ್ಲಿ ದಿನಕ್ಕೆ ಇಪ್ಪತ್ತು ತೆಗೀತೀನಿ ದೊಡ್ಡಮ್ಮ, ಅದೂ ಒಂದು ವಿದ್ಯೇನಾ ಎಂದಳು. ಬಾಯಲ್ಲಿ ಹೇಳಿದರೆ ನಂಬುವ ವಯಸ್ಸಲ್ಲ ಅವಳದು. ಬರೆದು ಕೊಡುತ್ತಿದ್ದೇನೆ. ನೌಕರಿಗೆ ಸೇರಿದ ಮೇಲೆ ಬರೆದದ್ದನ್ನು ಬಿಟ್ಟು ಬೇರೇನನ್ನೂ ಅವಳು ನಂಬುವಂತಿಲ್ಲ.

ನಮ್ಮದು ವಿದ್ಯಾರ್ಥಿಗಳ ಹಾಸ್ಟೆಲ್ ಸೀಟಿನ ಅರ್ಜಿಗಳನ್ನು ನೋಡುವ ಕಚೇರಿ. ಅದು ಯಾವ ಇಲಾಖೆ ಎಂದು ಬರೆಯುವುದಿಲ್ಲ. ಅಲ್ಲಿ ಇದ್ದವರೆಲ್ಲ ಒಳ್ಳೆಯವರೇ. ಒಳ್ಳೆಯವರು ಹತ್ತು ಜನ ಸೇರಿ ಕಚೇರಿ ಆದಾಗ ಏನಾಗುತ್ತದೆ ಎನ್ನುವುದಷ್ಟೇ ಇಲ್ಲಿನ ಮಾತು.

ಲ್ಯಾಪ್‌ಟಾಪ್ ಎಂಬುದು ನನ್ನ ಬಾಳಿಗೆ ಬಂದದ್ದು ಶಿಡ್ಲಘಟ್ಟದಲ್ಲಿ. ಅಲ್ಲಿಯವರೆಗೆ ಅರ್ಜಿಗಳು ಕಾಗದದಲ್ಲಿ ಬರುತ್ತಿದ್ದವು, ಕಾಗದದಲ್ಲೇ ಕಳೆದುಹೋಗುತ್ತಿದ್ದವು. ಇನ್ನು ಮುಂದೆ ಎಲ್ಲವೂ ಪೋರ್ಟಲಿನಲ್ಲಿ ಎಂದು ಆದೇಶವಾಗಿ ಕಚೇರಿಗೊಂದು ಲ್ಯಾಪ್‌ಟಾಪ್ ಬಂತು. ನಮ್ಮ ಸೂಪರಿಂಟೆಂಡೆಂಟ್ ಮುನಿಶಾಮಪ್ಪನವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಟರ್ಕಿ ಟವೆಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹನ್ನೊಂದಕ್ಕೆ ತೆಗೆಯುವುದು, ನಾಲ್ಕಕ್ಕೆ ಮಲಗಿಸುವುದು. ಎತ್ತಿಕೊಂಡು ಬರುವಾಗ ಅವರು ಅದನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದ ರೀತಿ ನೋಡಿದರೆ, ಗೂಡು ಕಟ್ಟಲು ಹಣ್ಣಾದ ಹುಳುಗಳ ತಟ್ಟೆಯನ್ನು ಹಿಡಿದು ನಡೆಯುವ ರೇಷ್ಮೆ ರೈತರ ನೆನಪಾಗುತ್ತಿತ್ತು.

ಒಂದು ದಿನ ಪೋರ್ಟಲ್ ತೆರೆಯಲಿಲ್ಲ. ಕೆಂಪು ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಏನೋ ಬಂದು ನಿಂತಿತು. ಚಿಕ್ಕಬಳ್ಳಾಪುರದ ಜಿಲ್ಲಾ ಕಚೇರಿಗೆ ಫೋನು ಮಾಡಿದೆ. ಅಲ್ಲಿನ ತಾಂತ್ರಿಕ ಸಹಾಯಕರು, "ಸ್ಕ್ರೀನ್‌ಶಾಟ್ ಕಳ್ಸಿ ಮೇಡಂ" ಎಂದರು.

ನನಗೆ ಆ ಮಾತು ಹೊಸದು. ಗೊತ್ತಿಲ್ಲ ಎಂದು ಹೇಳಲು ನಾಚಿಕೆ. "ಎಷ್ಟು ಪ್ರತಿ ಸಾರ್?" ಎಂದೆ.

ಪ್ರತಿ ಅಲ್ಲ ಮೇಡಂ ಎಂದರು. ಆಮೇಲೆ, "ಪ್ರಿಂಟ್ ಸ್ಕ್ರೀನ್ ಅಂತ ಬಟನ್ ಇರುತ್ತೆ, ಒತ್ತಿ" ಎಂದು ಇಟ್ಟುಬಿಟ್ಟರು.

ಮುನಿಶಾಮಪ್ಪನವರು ಕನ್ನಡಕ ಏರಿಸಿ ಕೀಲಿಮಣೆಯ ಒಂದೊಂದೇ ಸಾಲು ಹುಡುಕಿದರು. ಮೇಲಿನ ಸಾಲಿನ ಬಲಗಡೆ ಅದು ಸಿಕ್ಕಿತು. "ಪ್ರಿಂಟ್ ಅಂತ ಬರ್ದೈತೆ ನೋಡಮ್ಮ. ಒತ್ತು" ಎಂದರು. ಒತ್ತಿದೆ. ಇಬ್ಬರೂ ಪ್ರಿಂಟರಿನ ಕಡೆ ತಿರುಗಿ ನಿಂತೆವು. ಕಾಗದ ಬರಲಿಲ್ಲ.

"ಗಟ್ಟಿಯಾಗಿ ಒತ್ತಮ್ಮ."

ಗಟ್ಟಿಯಾಗಿ ಒತ್ತಿದೆ. ಒಂದು ಇಪ್ಪತ್ತು ಸಲ ಒತ್ತಿರಬೇಕು. ಪ್ರಿಂಟರು ಕೆಟ್ಟಿದೆ ಎಂದು ತೀರ್ಮಾನವಾಯಿತು. ಚಿಂತಾಮಣಿಯಿಂದ ಮೆಕ್ಯಾನಿಕ್ ಬರುವುದಕ್ಕೆ ಎರಡು ದಿನ. ಆ ಎರಡು ದಿನವೂ ನನಗೆ ಒಂದೇ ಚಿಂತೆ, ಪ್ರಿಂಟರು ಸರಿಹೋದ ಕ್ಷಣ ನಾನು ಒತ್ತಿದ ಇಪ್ಪತ್ತು ಪ್ರತಿಯೂ ಒಟ್ಟಿಗೆ ಹೊರಗೆ ಬಂದುಬಿಟ್ಟರೆ ಕಾಗದ ಹಾಳು ಮಾಡಿದ್ದಕ್ಕೆ ಏನು ಉತ್ತರ ಕೊಡಲಿ ಎಂದು. ಮೆಕ್ಯಾನಿಕ್ ಬಂದು ಪ್ರಿಂಟರಿನ ಹೊಟ್ಟೆ ಬಿಚ್ಚಿ ಒಂದು ಗುಂಡುಸೂಜಿ ತೆಗೆದ. ಕಾಯಿಲೆ ಸಿಕ್ಕಿತು ಎಂದು ಎಲ್ಲರಿಗೂ ಸಮಾಧಾನವಾಯಿತು. ಪ್ರಿಂಟು ಮಾತ್ರ ಆಗಲೂ ಬರಲಿಲ್ಲ.

ನಿಜ ಹೇಳಿಕೊಟ್ಟವಳು ಜಬೀನಾ. ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದಳು. ನನ್ನ ಓರಗೆಯವಳು, ಟೈಪ್‌ರೈಟರ್ ಕಾಲದಿಂದ ಊರಿನ ಅರ್ಧ ಜನರ ಅರ್ಜಿ ಬರೆದು ಕೊಟ್ಟವಳು. ನನ್ನ ಕಥೆ ಕೇಳಿ ಅವಳು ನಗಲಿಲ್ಲ. ಅದಕ್ಕಾಗಿ ಇಂದಿಗೂ ಅವಳ ಮೇಲೆ ಗೌರವ.

"ಅದರಲ್ಲಿ ಪ್ರಿಂಟ್ ಬರೋದಿಲ್ಲ ಮೇಡಂ. ಹೆಸರು ಒಂದೇ ಹಂಗೆ. ಅದು ಸ್ಕ್ರೀನಿಂದು ಫೋಟೋ ಹೊಡ್ಕೊಂಡು ಜೇಬಲ್ಲಿ ಇಟ್ಕೊಳ್ಳುತ್ತೆ. ನೀವು ವರ್ಡಲ್ಲೋ ಪೇಂಟಲ್ಲೋ ಹೋಗಿ ಕಂಟ್ರೋಲ್ ವಿ ಒತ್ತಿ ಅಂಟಿಸ್ಬೇಕು."

"ಇಪ್ಪತ್ತು ಸಲ ಒತ್ತಿದೀನಲ್ಲ ಜಬೀನಾ?"

"ಜೇಬಲ್ಲಿ ಒಂದೇ ಫೋಟೋ ಹಿಡಿಯುತ್ತೆ. ಹೊಸದು ಬಂದ್ರೆ ಹಳೇದು ಹೋಯ್ತು."

ಆಮೇಲೆ ಅವಳು ಇನ್ನೂ ಒಳ್ಳೆಯ ಉಪಾಯ ತೋರಿಸಿದಳು. ಕೆಳಗಡೆ ಎಡಕ್ಕೆ ಕಿಟಕಿಯ ಗುರುತಿನ ಒಂದು ಕೀಲಿ ಇದೆ. ಅದನ್ನು ಹಿಡಿದುಕೊಂಡು ಪ್ರಿಂಟ್ ಸ್ಕ್ರೀನ್ ಒತ್ತಿದರೆ ಪರದೆ ಒಮ್ಮೆ ಕಣ್ಣು ಮಿಟುಕಿಸುತ್ತದೆ; ಚಿತ್ರ ತಾನಾಗಿ ಪಿಕ್ಚರ್ಸ್ ಒಳಗಿನ ಸ್ಕ್ರೀನ್‌ಶಾಟ್ಸ್ ಎಂಬ ಫೋಲ್ಡರಿನಲ್ಲಿ ಹೋಗಿ ಕೂರುತ್ತದೆ. ಎಷ್ಟು ತೆಗೆದರೂ ಅಷ್ಟೂ ಉಳಿಯುತ್ತವೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್ಎನ್ ಎಂಬ ಸಣ್ಣ ಕೀಲಿಯನ್ನೂ ಜೊತೆಗೆ ಹಿಡಿಯಬೇಕು. ಮೂರು ಕೀಲಿಗೆ ಎರಡು ಕೈ. ಹಾರ್ಮೋನಿಯಂ ನುಡಿಸಿದ ಹಾಗೆ ಕೂತು ನುಡಿಸಿದೆ. ಪರದೆ ಕಣ್ಣು ಮಿಟುಕಿಸಿತು. ಆ ಕ್ಷಣ ಆದ ಸಂತೋಷ ಬಡ್ತಿ ಆದೇಶ ಬಂದಾಗಲೂ ಆಗಲಿಲ್ಲ.

ಶಶಿ, ಇಷ್ಟು ನಿನಗೆ ಗೊತ್ತಿರುವುದೇ. ಮುಂದಿನದು ಗೊತ್ತಿಲ್ಲ.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ವರ್ಗವಾಯಿತು. ಅಲ್ಲಿನ ಸಾಹೇಬರು ಬಹಳ ಶಿಸ್ತಿನ ಮನುಷ್ಯ. ಸಹಿ ಮತ್ತು ಮೊಹರು ಇಲ್ಲದ ಯಾವುದನ್ನೂ ಅವರು ಕಾಗದ ಎಂದೇ ಒಪ್ಪುತ್ತಿರಲಿಲ್ಲ. ಪೋರ್ಟಲಿನಲ್ಲಿ ತಪ್ಪು ಬಂದಾಗ ನಾನು ಚಿತ್ರ ತೆಗೆದು ನೇರವಾಗಿ ಜಿಲ್ಲಾ ಕಚೇರಿಗೆ ಇ-ಮೇಲ್ ಮಾಡಿದ್ದು ಅವರಿಗೆ ಗೊತ್ತಾಯಿತು.

"ಏನಮ್ಮ ಇದು? ಯಾರ ಸಹಿ ಇದೆ ಇದರಲ್ಲಿ? ನಾಳೆ ಯಾರಾದ್ರೂ ಕೇಳಿದ್ರೆ ಎವರು ಚೆಪ್ತಾರು?" ಕೋಪ ಬಂದಾಗ ಅವರ ಬಾಯಲ್ಲಿ ತೆಲುಗು ಬಂದುಬಿಡುತ್ತಿತ್ತು, ಯಾರು ಹೇಳ್ತಾರೆ ಎಂದು ಕೇಳಿದ್ದು.

ಅಂದಿನಿಂದ ಹೊಸ ಕ್ರಮ ಜಾರಿಯಾಯಿತು. ಪರದೆಯ ಚಿತ್ರ ತೆಗೆಯಬೇಕು. ಅದನ್ನು ಮುದ್ರಿಸಬೇಕು. ಮುದ್ರಿಸಿದ್ದರ ಮೇಲೆ ಸಾಹೇಬರು 'ನಿಜ ಪ್ರತಿ' ಎಂದು ಬರೆದು ಸಹಿ ಮಾಡಿ ದುಂಡು ಮೊಹರು ಹಾಕಬೇಕು. ಹಾಗೆ ಪವಿತ್ರವಾದ ಕಾಗದವನ್ನು ಸ್ಕ್ಯಾನ್ ಮಾಡಿ ಕಳಿಸಬೇಕು. ಮೊದಲನೆಯ ದಿನ ಸಾಹೇಬರು ಮೊಹರನ್ನು ಕಾಗದದ ನಟ್ಟನಡುವೆ, ಕೆಂಪು ಅಕ್ಷರಗಳ ಮೇಲೆಯೇ ಬಲವಾಗಿ ಒತ್ತಿದರು. ಜಿಲ್ಲಾ ಕಚೇರಿಯಿಂದ ಮಾರನೆಯ ದಿನ ಉತ್ತರ ಬಂತು: ತಮ್ಮ ಕಚೇರಿಯ ಮೊಹರು ಸ್ಪಷ್ಟವಾಗಿದೆ, ದೋಷದ ಸಂದೇಶ ಕಾಣಿಸುತ್ತಿಲ್ಲ, ದಯವಿಟ್ಟು ಸ್ಕ್ರೀನ್‌ಶಾಟ್ ಕಳಿಸುವುದು. ಸಾಹೇಬರಿಗೆ ಮೊದಲರ್ಧ ಬಹಳ ಇಷ್ಟವಾಯಿತು. ಎರಡು ಸಲ ಓದಿಸಿಕೊಂಡರು.

ಅಲ್ಲಿಂದ ಮುಂದೆ ನಾನು ಪ್ರತಿ ಚಿತ್ರವನ್ನೂ ಎರಡು ದಾರಿಯಲ್ಲಿ ಕಳಿಸುತ್ತಿದ್ದೆ. ಮೊಹರು ಹಾಕಿದ್ದು ಕಡತಕ್ಕೆ, ಹಾಕದ್ದು ಕೆಲಸಕ್ಕೆ. ಯಾವುದು ಯಾವುದಕ್ಕೆ ಎಂದು ಯಾರೂ ಕೇಳಲಿಲ್ಲ.

ಆಮೇಲೆ ಗೌರಿಬಿದನೂರು. ಅಲ್ಲೇ ನನ್ನ ಕೊನೆಯ ಆರು ವರ್ಷ ಕಳೆದದ್ದು. ನನ್ನ ದೊಡ್ಡ ತಪ್ಪುಗಳೂ ಅಲ್ಲೇ ಆದವು.

ಅಲ್ಲಿನ ಸಾಹೇಬರು ಅಶ್ವತ್ಥನಾರಾಯಣಪ್ಪನವರು. ಮೆತ್ತಗಿನ ಮನುಷ್ಯ. ಯಾರ ಮೇಲೂ ಕೂಗಾಡಿದವರಲ್ಲ. ಅವರಿಗಿದ್ದ ಒಂದೇ ಚಟ ಎದುರಿನ ಹೋಟೆಲಿನ ಉದ್ದಿನ ವಡೆ. ಆಗ ನಾವೆಲ್ಲ ವಾಟ್ಸ್ಆ್ಯಪನ್ನು ಲ್ಯಾಪ್‌ಟಾಪಿನಲ್ಲೇ ತೆರೆದಿಟ್ಟುಕೊಂಡು ಕೆಲಸ ಮಾಡುತ್ತಿದ್ದೆವು. ಕೆಂಚಾರ್ಲಹಳ್ಳಿಯಲ್ಲಿರುವ ನನ್ನ ಅಕ್ಕನೂ ನಾನೂ ದಿನವಿಡೀ ಅದರಲ್ಲಿ ಹರಟುವುದು. ಅವಳು ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ ಬಂದು, ಏನೇ ಸಮಾಚಾರ ಎಂದು ಬರೆಯುತ್ತಾಳೆ; ನಾನು ಕಚೇರಿಯ ಸಮಾಚಾರ ಬರೆಯುತ್ತೇನೆ.

ಒಂದು ದಿನ ಜಿಲ್ಲೆಯವರು ಬಾಕಿ ಅರ್ಜಿಗಳ ಪಟ್ಟಿಯ ಚಿತ್ರವನ್ನು ತುರ್ತಾಗಿ ಅಧಿಕಾರಿಗಳ ಗುಂಪಿಗೆ ಹಾಕಿ ಎಂದರು. ಕಿಟಕಿ ಕೀಲಿ ಹಿಡಿದೆ, ಒತ್ತಿದೆ, ಹಾಕಿದೆ. ಹಾಕಿ ಒಂದು ನಿಮಿಷದ ಮೇಲೆ ನೋಡುತ್ತೇನೆ, ಪರದೆಯ ಎಡ ಅರ್ಧದಲ್ಲಿ ಪಟ್ಟಿ, ಬಲ ಅರ್ಧದಲ್ಲಿ ನಮ್ಮಕ್ಕನ ಜೊತೆಗಿನ ಮಾತು. ನಾನು ಬರೆದ ಕೊನೆಯ ಸಾಲು ದಪ್ಪಗೆ ಕಾಣುತ್ತಿದೆ: 'ನಮ್ಮ ಸಾಹೇಬ್ರು ಬೆಳಿಗ್ಗೆಯಿಂದ ಮೂರನೇ ವಡೆ ತಿಂತಾವ್ರೆ ಕಣಕ್ಕ, ಕಡತ ಮಾತ್ರ ಒಂದೂ ತಿಂದಿಲ್ಲ.'

ಜಿಲ್ಲೆಯ ಅಷ್ಟೂ ತಾಲ್ಲೂಕಿನ ಅಧಿಕಾರಿಗಳು ಆ ಗುಂಪಿನಲ್ಲಿದ್ದರು. ಅಳಿಸುವಷ್ಟರಲ್ಲಿ ಮುಕ್ಕಾಲು ಜನ ನೋಡಿಯಾಗಿತ್ತು. ಸಾಹೇಬರು ತಮ್ಮ ಕೋಣೆಯಿಂದ ಹೊರಗೆ ಬಂದರು. ನನ್ನ ಮೇಜಿನ ಹತ್ತಿರ ನಿಂತು ಬಹಳ ನೊಂದವರ ಹಾಗೆ ಹೇಳಿದರು:

"ಮೇಡಮ್ಮೋರೆ, ಮೂರಲ್ಲ. ಎರಡೇ."

ಅಷ್ಟೇ. ಮೆಮೊ ಇಲ್ಲ, ಬೈಗುಳ ಇಲ್ಲ. ವಾರವಿಡೀ ನನಗೆ ಊಟ ಸೇರಲಿಲ್ಲ. ಆಗ ಕಲಿತದ್ದು ಇನ್ನೊಂದು ಉಪಾಯ: ಕಿಟಕಿ ಕೀಲಿ, ಶಿಫ್ಟ್, ಎಸ್, ಮೂರನ್ನೂ ಒಟ್ಟಿಗೆ ಒತ್ತಿದರೆ ಪರದೆ ಮಸುಕಾಗುತ್ತದೆ. ಮೌಸ್ ಎಂಬ ಇಲಿಯನ್ನು ಎಳೆದು ಬೇಕಾದಷ್ಟು ಭಾಗಕ್ಕೆ ಚೌಕ ಕಟ್ಟಿದರೆ ಅಷ್ಟೇ ಚಿತ್ರವಾಗುತ್ತದೆ. ಅಕ್ಕನೂ ಬರುವುದಿಲ್ಲ, ವಡೆಯೂ ಬರುವುದಿಲ್ಲ. ಅಂದಿನಿಂದ ನಾನು ಇಡೀ ಪರದೆಯನ್ನು ತೆಗೆಯುವುದನ್ನೇ ಬಿಟ್ಟೆ. ಬೇಕಾದ ಎರಡು ಸಾಲನ್ನು ಸೊಪ್ಪು ಸೋಸಿದ ಹಾಗೆ ಅಚ್ಚುಕಟ್ಟಾಗಿ ಕತ್ತರಿಸಿ ತೆಗೆಯುತ್ತಿದ್ದೆ. ನಮ್ಮ ತಾಲ್ಲೂಕಿನ ಚಿತ್ರಗಳು ಬಹಳ ಚೆನ್ನಾಗಿರುತ್ತವೆ ಎಂದು ಒಂದು ಸಭೆಯಲ್ಲಿ ಹೊಗಳಿಯೂ ಇದ್ದರು. ಆ ಅಚ್ಚುಕಟ್ಟುತನವೇ ಒಂದು ಹುಡುಗಿಯ ಓದನ್ನು ನಿಲ್ಲಿಸುವ ಹಂತಕ್ಕೆ ತಂದಿತು.

ಅವಳ ಹೆಸರು ಚೈತ್ರ. ವಿದುರಾಶ್ವತ್ಥದಿಂದ ಒಳಗೆ ಒಂದು ಹಳ್ಳಿ. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿದ್ದಳು. ಹಾಸ್ಟೆಲ್ ಅರ್ಜಿಯನ್ನು ಮಕ್ಕಳೇ ಪೋರ್ಟಲಿನಲ್ಲಿ ಹಾಕಬೇಕು. ಆಮೇಲೆ ಮೂಲ ದಾಖಲೆಗಳನ್ನು ತಾಲ್ಲೂಕು ಕಚೇರಿಯಲ್ಲಿ ನಮಗೆ ತೋರಿಸಬೇಕು. ನಾವು ನೋಡಿ, ಪರದೆಯ ಮೇಲೆ 'ದೃಢೀಕರಿಸಿ' ಎಂಬುದನ್ನು ಒತ್ತಿದರೆ ಒಂದು ಸ್ವೀಕೃತಿ ಪತ್ರ ಬರುತ್ತದೆ. ಅದು ಅವರ ಕೈಗೆ ಹೋದರೆ ನಮ್ಮ ಕೆಲಸ ಮುಗಿಯಿತು.

ಕೊನೆಯ ದಿನ ಮಧ್ಯಾಹ್ನ ಚೈತ್ರಳನ್ನು ಕರೆದುಕೊಂಡು ಅವಳ ಅಜ್ಜಿ ಲಕ್ಷ್ಮೀದೇವಮ್ಮ ಬಂದರು. ಬಿಸಿಲಿನಲ್ಲಿ ನಡೆದು ಬಂದಿದ್ದರು. ಅಜ್ಜಿಗೆ ಕುರ್ಚಿ ಕೊಟ್ಟು ನೀರು ಕೊಟ್ಟೆ. ದಾಖಲೆ ಎಲ್ಲ ಸರಿಯಾಗಿತ್ತು. ಒತ್ತಿದೆ. 'ದಾಖಲೆ ಪರಿಶೀಲನೆ ಪೂರ್ಣಗೊಂಡಿದೆ' ಎಂದು ಹಸಿರು ಅಕ್ಷರದಲ್ಲಿ ಬಂತು, ಪಕ್ಕದಲ್ಲಿ ಅವಳ ಹೆಸರು, ಅರ್ಜಿ ಸಂಖ್ಯೆ. ಸ್ವೀಕೃತಿ ಪತ್ರ ಮಾತ್ರ ಬರಲಿಲ್ಲ. ಚಕ್ರ ತಿರುಗುತ್ತಲೇ ಇತ್ತು. ಕಾಲು ಗಂಟೆ ಕಾದು, ಆ ಎರಡು ಸಾಲನ್ನು ಎಂದಿನಂತೆ ಅಂದವಾಗಿ ಕತ್ತರಿಸಿ ಚಿತ್ರ ತೆಗೆದು, ಚೈತ್ರ ಎಂದು ಹೆಸರು ಕೊಟ್ಟು ಇಟ್ಟುಕೊಂಡೆ.

"ಹೋಗಿ ಬಾರಮ್ಮ. ನಾಳೆ ನಾಡಿದ್ದರಲ್ಲಿ ಬಂದು ಪತ್ರ ತಗೊಂಡ್ ಹೋಗು. ನಿಂದು ಆಗಿದೆ" ಎಂದೆ.

ಮಾರನೆಯ ದಿನ ಪೋರ್ಟಲ್ ಮುಚ್ಚಿತು. ಆಗಿದೆ ಎಂದ ನನ್ನ ಮಾತು ನಂಬಿ ಅವಳೂ ಪತ್ರಕ್ಕೆ ಬರಲಿಲ್ಲ. ಎರಡು ವಾರದ ಮೇಲೆ ಪಟ್ಟಿ ಬಂತು. ಚೈತ್ರಳ ಹೆಸರಿನ ಮುಂದೆ ಹೀಗಿತ್ತು: 'ದಾಖಲೆ ಪರಿಶೀಲನೆಗೆ ಅಭ್ಯರ್ಥಿ ಹಾಜರಾಗಿಲ್ಲ. ತಿರಸ್ಕೃತ.'

ಅಜ್ಜಿ ಮೊಮ್ಮಗಳು ಇಬ್ಬರೂ ಬಂದು ನನ್ನ ಮೇಜಿನ ಮುಂದೆ ನಿಂತರು. ಹುಡುಗಿ ಅಳುತ್ತಿರಲಿಲ್ಲ, ಅದೇ ಕಷ್ಟವಾಗಿತ್ತು. ಅಜ್ಜಿ ಮಾತಾಡಿದರು.

"ಬರ್ಲಿಲ್ಲ ಅಂತ ಬರ್ದವ್ರಂತಲ್ಲಮ್ಮ. ಬಂದಿದ್ವಲ್ಲ! ನೀನೇ ಇಲ್ಲಿ ಕುಂಡ್ರಿಸಿ ನೀಳ್ಳು ಕೊಟ್ಯಲ್ಲಮ್ಮಣ್ಣೀ. ನಾನ್ ಕುಡಿದೆ ಅಲ್ವಾ?"

"ಕುಡಿದ್ರಿ ಅಜ್ಜಿ" ಎಂದೆ.

"ಮತ್ತೆ ಬಾರ್ದೆ ಹೆಂಗ್ ಕುಡ್ಯಾಕಾಯ್ತದೆ?"

ಕುರ್ಚಿ ಎಳೆದು ಇಬ್ಬರನ್ನೂ ಕೂರಿಸಿದೆ.

ಹಾಸ್ಟೆಲ್ ಇಲ್ಲದಿದ್ದರೆ ಅವಳು ದಿನಾ ಹಳ್ಳಿಯಿಂದ ಗೌರಿಬಿದನೂರಿಗೆ, ಅಲ್ಲಿಂದ ಮಂಚೇನಹಳ್ಳಿ ದಾರಿಯಲ್ಲಿ ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಹೋಗಿ ಬರಬೇಕು. ಆಗಲೇ ಹದಿನೈದು ದಿನ ಹಾಗೆ ಹೋಗಿದ್ದಳು. ಮೊದಲ ತರಗತಿ ದಿನವೂ ತಪ್ಪುತ್ತಿತ್ತು. ಮನೆಯಲ್ಲಿ ಕಾಲೇಜು ಬಿಡಿಸುವ ಮಾತು ಶುರುವಾಗಿದೆ ಎಂದು ಅಜ್ಜಿ ಹೇಳಿದರು. ಹುಡುಗಿ ನೆಲ ನೋಡಿದಳು.

ನಾನು ಚಿತ್ರ ತೆರೆದು ಅಶ್ವತ್ಥನಾರಾಯಣಪ್ಪನವರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ ಬಾಗಿಲು ಮುಚ್ಚಿ ಬರಲು ಹೇಳಿದರು.

"ಮೇಡಮ್ಮೋರೆ, ನಿಮ್ಮ ರಿಟೈರ್ಮೆಂಟಿಗೆ ಎಷ್ಟು ತಿಂಗಳು ಐತೆ?"

"ಎಂಟು ಸಾರ್."

"ಈ ಚಿತ್ರ ಅಳಿಸ್ಬಿಡಿ. ನೋಡಿ, ಚಿತ್ರ ಇಲ್ದಿದ್ರೆ ತಪ್ಪು ಪೋರ್ಟಲ್‌ದು. ಚಿತ್ರ ಇದ್ರೆ ತಪ್ಪು ನಮ್ದು. ಕೊನೇ ದಿನ ಸ್ವೀಕೃತಿ ಕೊಡ್ದೆ ಯಾಕ್ ಕಳ್ಸಿದ್ರಿ, ಮಾರನೇ ದಿನ ಯಾಕ್ ಬರೀಲಿಲ್ಲ, ಎಲ್ಲಾ ಕೇಳ್ತಾರೆ. ವಿಚಾರಣೆ ಬಾಕಿ ಇದ್ರೆ ನಿಮ್ ನಿವೃತ್ತಿ ಕಾಗದ ಮುಂದಕ್ಕೆ ಹೋಗಲ್ಲ."

ಕೆಟ್ಟದ್ದಕ್ಕೆ ಹೇಳಿದ ಮಾತಲ್ಲ. ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದ್ದು. ಅವರ ಮೇಲಿನ ಕಾಳಜಿಯೂ ಸ್ವಲ್ಪ ಸೇರಿತ್ತು. ಮತ್ತು ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮಾರನೆಯ ದಿನವೇ ನಾನು ಜಿಲ್ಲೆಗೆ ಬರೆಯಬೇಕಿತ್ತು. ಬರೆಯಲಿಲ್ಲ. ಪೋರ್ಟಲ್ ಮುಚ್ಚಿದೆಯಲ್ಲ, ಹಸಿರು ಅಕ್ಷರ ಬಂದಿದೆಯಲ್ಲ ಎಂದು ಮರೆತುಬಿಟ್ಟಿದ್ದೆ. ಅಂದು ಮನೆಗೆ ಹೋಗಿ ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು, "ಅಳ್ಸೋದಾಗಿದ್ರೆ ನಂಗ್ ಫೋನ್ ಯಾಕ್ ಮಾಡ್ತಿದ್ದೆ? ಅಳ್ಸಿ ಮಲ್ಕೊತಿದ್ದೆ" ಎಂದಳು.

ಚಿತ್ರವನ್ನು ಚಿಕ್ಕಬಳ್ಳಾಪುರಕ್ಕೆ ಕಳಿಸಿದೆ. ಮೂರನೆಯ ದಿನ ಉತ್ತರ ಬಂತು: 'ಸದರಿ ಚಿತ್ರದಲ್ಲಿ ದಿನಾಂಕವಾಗಲಿ, ಸಮಯವಾಗಲಿ, ಪೋರ್ಟಲಿನ ವಿಳಾಸವಾಗಲಿ ಕಾಣುವುದಿಲ್ಲ. ಪರಿಗಣಿಸಲು ಬರುವುದಿಲ್ಲ.' ಇಡೀ ಪರದೆ ತೆಗೆದಿದ್ದರೆ ಬಲಗಡೆ ಮೂಲೆಯಲ್ಲಿ ಗಡಿಯಾರವೂ ತಾರೀಕೂ ತಾವಾಗಿ ಬರುತ್ತಿದ್ದವು. ನಾನು ಅವನ್ನು ನೀಟಾಗಿ ಕತ್ತರಿಸಿ ಬಿಸಾಕಿದ್ದೆ.

ತಾಂತ್ರಿಕ ಸಹಾಯಕರನ್ನು ಫೋನಿನಲ್ಲಿ ಹಿಡಿದೆ. ಲ್ಯಾಪ್‌ಟಾಪಿನಲ್ಲಿರುವ ಮೂಲ ಫೈಲಿನ ಮೇಲೆ ಬಲಗಡೆ ಒತ್ತಿ ಪ್ರಾಪರ್ಟೀಸ್ ನೋಡಿದರೆ ಅದು ಹುಟ್ಟಿದ ದಿನ, ಸಮಯ ಇರುತ್ತದೆ. ಕಳಿಸಿದ ಪ್ರತಿಯಲ್ಲಿ ಅದು ಉಳಿಯುವುದಿಲ್ಲ ಎಂದರು. ಹಾಗಾದರೆ ಲ್ಯಾಪ್‌ಟಾಪನ್ನೇ ತರುತ್ತೇನೆ ಎಂದೆ. ತನ್ನಿ, ಆದರೆ ಕಚೇರಿ ಸಾಮಾನು ಹೊರಗೆ ತರಲು ನಿಮ್ಮ ಸಾಹೇಬರ ಸಹಿ ಬೇಕು ಎಂದರು.

ಮಾರನೆಯ ಬೆಳಿಗ್ಗೆ ಸಹಿ ಕೇಳಿದೆ. ಅಶ್ವತ್ಥನಾರಾಯಣಪ್ಪನವರು ರಿಜಿಸ್ಟರನ್ನು ಮುಂದೆ ಎಳೆದುಕೊಂಡರು, ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಕಿಟಕಿಯ ಹೊರಗೆ ನೋಡಿದರು.

"ಸಹಿ ಮಾಡಾಕ್ ಆಗಲ್ಲ ಮೇಡಮ್ಮೋರೆ."

ನಾನು ತಿರುಗಿದೆ. ಅವರು ಎದ್ದು ಚಪ್ಪಲಿ ಮೆಟ್ಟಿದರು. ಲ್ಯಾಪ್‌ಟಾಪ್ ಇಡುವ ಬೀರುವಿನ ಬೀಗದ ಕೈಯನ್ನು ಜೇಬಿನಿಂದ ತೆಗೆದು ನನ್ನ ಮೇಜಿನ ಮೇಲಿಟ್ಟರು.

"ವಡೆ ತಿನ್ನಾಕ್ ಹೋಗ್ತಾ ಇದ್ದೀನಿ. ಇವತ್ತು ಮೂರು ತಿಂತೀನಿ. ಬರೋದು ತಡ ಆಯ್ತದೆ" ಎಂದು ಹೊರಟುಹೋದರು.

ಲ್ಯಾಪ್‌ಟಾಪನ್ನು ತರಕಾರಿ ಚೀಲದಲ್ಲಿಟ್ಟು ಬಸ್ಸು ಹತ್ತಿದೆ. ಅಜ್ಜಿಯೂ ಚೈತ್ರಳೂ ಜೊತೆಗೆ ಬಂದರು. ದಾರಿಯುದ್ದಕ್ಕೂ ಚೀಲ ತೊಡೆಯ ಮೇಲಿತ್ತು. ಅದಕ್ಕೆ ಏನಾದರೂ ಆದರೆ ಸರ್ಕಾರಿ ಆಸ್ತಿ ಕದ್ದವಳು ಎಂದು ಬರೆಯಲು ಬೇಕಾದ ಎಲ್ಲ ಸಾಕ್ಷಿಯನ್ನು ನಾನೇ ತಯಾರು ಮಾಡಿಕೊಂಡಿದ್ದೆ.

ಜಿಲ್ಲಾ ಅಧಿಕಾರಿ ಒಬ್ಬ ಹೆಣ್ಣುಮಗಳು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಚೀಲದಿಂದ ಲ್ಯಾಪ್‌ಟಾಪ್ ಹೊರಗೆ ಬಂದದ್ದನ್ನು ನೋಡಿ ಹುಬ್ಬೇರಿಸಿದರು, ಏನೂ ಕೇಳಲಿಲ್ಲ. ತಾಂತ್ರಿಕ ಸಹಾಯಕರು ಫೈಲು ತೆರೆದು ದಿನಾಂಕ ಓದಿದರು. ಕೊನೆಯ ದಿನದ ಮಧ್ಯಾಹ್ನವೇ ಸರಿ. ನಾನು ಉಸಿರು ಬಿಟ್ಟೆ. ಬಿಟ್ಟದ್ದು ಸ್ವಲ್ಪ ಬೇಗವಾಯಿತು.

"ಆದ್ರೆ ಮೇಡಂ," ಎಂದರು ತಾಂತ್ರಿಕ ಸಹಾಯಕರು, "ಲ್ಯಾಪ್‌ಟಾಪ್ ಗಡಿಯಾರಾನೇ ಹಿಂದಕ್ಕೆ ತಿರುಗಿಸಿ ಚಿತ್ರ ತೆಗೀಬಹುದು. ಇವ್ರು ಹಂಗೆ ಮಾಡಿದ್ದಾರೆ ಅಂತಲ್ಲ. ಮಾಡಬಹುದು ಅಂತ."

ಅಜ್ಜಿಗೆ ಪೂರ್ತಿ ಅರ್ಥವಾಗಲಿಲ್ಲ, ಆದರೆ ಸೋತೆವು ಎನ್ನುವುದು ಗೊತ್ತಾಯಿತು. ಎದ್ದು ನಿಂತು ಮೊಮ್ಮಗಳ ಭುಜದ ಮೇಲೆ ಕೈ ಇಟ್ಟರು. "ನಡೀ ಚೈತ್ರಮ್ಮ" ಎಂದರು.

ಅಧಿಕಾರಿ ಕೈ ಎತ್ತಿ ಅವರನ್ನು ತಡೆದರು. ಲ್ಯಾಪ್‌ಟಾಪ್ ಮುಚ್ಚಿ ನನ್ನ ಕಡೆ ತಿರುಗಿದರು.

"ಇದೆಲ್ಲ ಬಿಡಿ. ಆ ದಿನ ಈ ಹುಡುಗಿ ನಿಮ್ಮ ಮುಂದೆ ಬಂದು ನಿಂತಿದ್ಲಾ?"

"ನಿಂತಿದ್ಲು ಮೇಡಂ."

"ಮೂಲ ದಾಖಲೆ ನೋಡಿದ್ರಾ?"

"ನನ್ನ ಕೈಯಲ್ಲೇ ಹಿಡಿದು ನೋಡ್ದೆ."

"ಬರೆದು ಸಹಿ ಮಾಡಿ ಕೊಡ್ತೀರಾ?"

"ಕೊಡ್ತೀನಿ."

"ಸ್ವೀಕೃತಿ ಕೊಡದೆ ಕಳ್ಸಿದ್ದು, ಆಮೇಲೆ ನಮಗೆ ತಿಳಿಸದೆ ಇದ್ದದ್ದು, ಅದನ್ನೂ ಬರೀಬೇಕಾಗುತ್ತೆ. ಬರೆದ್ರೆ ನಿಮಗೆ ನೋಟಿಸ್ ಕೊಡದೆ ನಾನು ಇರೋಕಾಗಲ್ಲ. ಯೋಚನೆ ಮಾಡಿ."

ಯೋಚನೆ ಮಾಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮಾಡಿದೆ. ಎಂಟು ತಿಂಗಳು ಕಣ್ಣ ಮುಂದೆ ಬಂತು. ಚೈತ್ರ ಆಗ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದಳು. ಬೇಡುವ ನೋಟವಲ್ಲ ಅದು. ಪೋರ್ಟಲಿನ ಹಾಗೆ ಇವಳೂ ನಾನು ಬಂದಿಲ್ಲ ಎನ್ನುತ್ತಾಳೋ ಹೇಗೆ ಎಂದು ಪರೀಕ್ಷಿಸುವ ನೋಟ.

ಬಿಳಿ ಹಾಳೆ ಕೇಳಿ ತೆಗೆದುಕೊಂಡು ಕೈಬರಹದಲ್ಲಿ ಬರೆದೆ. ಎಷ್ಟೋ ವರ್ಷದ ಮೇಲೆ ಒಂದು ಪುಟ ಕೈಯಲ್ಲಿ ಬರೆದದ್ದು, ಅಕ್ಷರ ಸೊಟ್ಟಗಿದ್ದವು. ಅಜ್ಜಿಗೆ ನೀರು ಕೊಟ್ಟದ್ದನ್ನೂ ಬರೆದೆ. ಅಧಿಕಾರಿ ಓದಿ ಆ ಸಾಲಿನ ಹತ್ತಿರ ಒಂದು ಕ್ಷಣ ನಿಂತರು, ಹೊಡೆದು ಹಾಕಲಿಲ್ಲ.

ಸರ್ಕಾರಿ ಕೆಲಸ ನಿಧಾನ ಎನ್ನುವವರು ಕೇಳಿ: ನನಗೆ ನೋಟಿಸ್ ನಾಲ್ಕನೆಯ ದಿನಕ್ಕೇ ಬಂತು. ಚೈತ್ರಳ ಸೀಟಿನ ಆದೇಶಕ್ಕೆ ಮೂರು ವಾರ ಹಿಡಿಯಿತು. ಆದರೆ ಬಂತು. ಆ ಮೂರು ವಾರ ಅವಳು ಬಸ್ಸಿನಲ್ಲೇ ಓಡಾಡಿದಳು. ನಾನು ನೋಟಿಸಿಗೆ ಉತ್ತರ ಬರೆಯುತ್ತ ಕೂತೆ. ಅಶ್ವತ್ಥನಾರಾಯಣಪ್ಪನವರು ನನ್ನ ಉತ್ತರವನ್ನು ತಿದ್ದಿಕೊಟ್ಟರು, ತಮ್ಮ ಹೆಸರು ಎಲ್ಲೂ ಬಾರದ ಹಾಗೆ ಬಹಳ ಮುತುವರ್ಜಿಯಿಂದ ತಿದ್ದಿದರು. ಲ್ಯಾಪ್‌ಟಾಪ್ ಹೊರಗೆ ಹೋದ ವಿಷಯ ನೋಟಿಸಿನಲ್ಲೂ ಇರಲಿಲ್ಲ, ಉತ್ತರದಲ್ಲೂ ಇರಲಿಲ್ಲ. ಕೊನೆಗೆ 'ಎಚ್ಚರಿಕೆ ನೀಡಿ ಮುಕ್ತಾಯಗೊಳಿಸಿದೆ' ಎಂದು ಆದೇಶವಾಯಿತು. ಅದು ಬರುವವರೆಗೆ ಆರು ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಧೈರ್ಯವಂತೆ ಎಂದು ಶಶಿ ತಿಳಿದುಕೊಳ್ಳದಿರಲಿ ಎಂದು ಇದನ್ನೂ ಬರೆಯುತ್ತಿದ್ದೇನೆ.

ಹಾಸ್ಟೆಲ್ ಸೇರಿದ ಹತ್ತು ದಿನಕ್ಕೆ ಚೈತ್ರ ಫೋನು ಮಾಡಿದಳು. ಕೃತಜ್ಞತೆ ಹೇಳುತ್ತಾಳೇನೋ ಎಂದು ನಾನು ಸ್ವಲ್ಪ ಗಂಟಲು ಸರಿಮಾಡಿಕೊಂಡೆ. "ಆಂಟಿ, ಇಲ್ಲಿ ಸಾರು ನೀರಿದ್ದಂಗ್ ಇರುತ್ತೆ. ಯಾರಿಗೆ ಕಂಪ್ಲೇಂಟ್ ಮಾಡ್ಬೇಕು?" ಎಂದಳು. ಜಿಲ್ಲಾ ಅಧಿಕಾರಿಗೆ ಎಂದೆ. ಮಾಡಿದಳಂತೆ. ಸಾರು ಗಟ್ಟಿಯಾಯಿತೋ ಇಲ್ಲವೋ ವಿಚಾರಿಸಲಿಲ್ಲ.

ಇನ್ನು ನನ್ನ ಕೊನೆಯ ದಿನ. ಶಾಲು, ಹಾರ, ಹಣ್ಣು, ಭಾಷಣ ಎಲ್ಲ ಆಯಿತು. ನನ್ನ ಜಾಗಕ್ಕೆ ಬಂದವಳು ಸೌಮ್ಯ, ಮೂವತ್ತರ ಹೆಣ್ಣುಮಗಳು. ಲ್ಯಾಪ್‌ಟಾಪ್ ಒಪ್ಪಿಸಬೇಕಿತ್ತು. ಅದರಲ್ಲಿ ಎಷ್ಟೋ ಮಕ್ಕಳ ಹೆಸರು, ವಿಳಾಸ ಇರುವುದರಿಂದ ಹಳೆಯ ಚಿತ್ರಗಳನ್ನೆಲ್ಲ ಅಳಿಸಿಯೇ ಕೊಡಬೇಕು ಎಂದು ಸೂಚನೆ ಇತ್ತು. ನ್ಯಾಯವಾದ ಸೂಚನೆಯೇ. ಸ್ಕ್ರೀನ್‌ಶಾಟ್ಸ್ ಫೋಲ್ಡರ್ ತೆರೆದೆ. ವರ್ಷಗಟ್ಟಲೆಯ ಕೆಂಪು ಅಕ್ಷರ, ಹಸಿರು ಅಕ್ಷರ, ತಿರುಗುವ ಚಕ್ರ. ಎಲ್ಲವನ್ನೂ ಒಟ್ಟಿಗೆ ಆರಿಸಿ ಅಳಿಸಿದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಈ ಫೋಲ್ಡರ್ ಖಾಲಿ ಇದೆ ಎಂದು ಇಂಗ್ಲಿಷಿನಲ್ಲಿ ಬಂತು.

ನನ್ನ ಕೈ ನನ್ನನ್ನು ಕೇಳಲಿಲ್ಲ. ಕಿಟಕಿ ಕೀಲಿ ಹಿಡಿದು ಪ್ರಿಂಟ್ ಸ್ಕ್ರೀನ್ ಒತ್ತಿಬಿಟ್ಟಿತು. ಪರದೆ ಕಣ್ಣು ಮಿಟುಕಿಸಿತು.

ಸೌಮ್ಯ ಪಟ್ಟಿ ಹಿಡಿದು ಒಂದೊಂದೇ ಸಾಮಾನಿಗೆ ಗುರುತು ಹಾಕುತ್ತ ಬಂದವಳು ಬಗ್ಗಿ ನೋಡಿದಳು.

"ಮೇಡಂ, ಎಲ್ಲಾ ಖಾಲಿ ಅಂದ್ರಿ. ಒಂದು ಫೈಲ್ ಐತಲ್ಲ?"

"ತೆಗೆದು ನೋಡಮ್ಮ."

ತೆಗೆದಳು. ಇಡೀ ಪರದೆ, ಮೂಲೆಯಲ್ಲಿ ತಾರೀಕು, ಗಂಟೆ, ನಡುವೆ ಈ ಫೋಲ್ಡರ್ ಖಾಲಿ ಇದೆ ಎಂಬ ಸಾಲು.

"ಇದನ್ನೂ ಅಳಿಸ್ಲಾ?" ಎಂದು ಇಲಿಯ ಮೇಲೆ ಕೈ ಇಟ್ಟಳು. ಇಟ್ಟವಳು ಸ್ವಲ್ಪ ಯೋಚಿಸಿ ಕೈ ತೆಗೆದಳು. "ಬೇಡ ಬಿಡಿ ಮೇಡಂ, ಇರ್ಲಿ. ನಾಳೆ ಯಾರಾದ್ರೂ ಕೇಳಿದ್ರೆ, ನೀವು ಖಾಲಿ ಮಾಡೇ ಕೊಟ್ರಿ ಅನ್ನೋದಕ್ಕೆ ಬೇಕಾಗುತ್ತೆ."

ಈ ಹುಡುಗಿ ನೌಕರಿಯಲ್ಲಿ ಬದುಕಿಕೊಳ್ಳುತ್ತಾಳೆ ಎನಿಸಿತು. ಪಟ್ಟಿಯ ಕೆಳಗೆ ಸಹಿ ಮಾಡಿ, ಹಣ್ಣಿನ ಬುಟ್ಟಿ ತೆಗೆದುಕೊಂಡು ಬಸ್ಸಿಗೆ ಹೊರಟೆ.